ಜೈಂಟ್ ಅಲ್ಲ, ಜಾಯಿಂಟ್ ವೀಲ್: ಜಾತ್ರಿ ತೊಟ್ಟಿಲಿನ 400 ವರ್ಷದ ಕಥಿ

ಹೋಳಿ ಹುಣ್ಣಿಮೆ ಆಗಿ ಐದನೇ ದಿನಕ್ಕೆ ಕಲಬುರಗಿಯಲ್ಲಿ ಶರಣಬಸವೇಶ್ವರರ ತೇರು. ತೇರು ಒಂದೇ ಸಂಜೆಯಲ್ಲಿ ಎಳೆದು ಮುಗೀತದ. ಉತ್ತತ್ತಿ, ಬಾಳೆಹಣ್ಣು ಎಸೆದವರು ಮನೆಗೆ ಹೋಗ್ತಾರೆ. ಆದರೆ ಜಾತ್ರಿ ಮುಗಿಯಂಗಿಲ್ಲ. ಮುಂದೆ ಎಷ್ಟೋ ದಿನ ಮೈದಾನದ ಮೇಲೆ ಬಣ್ಣದ ದೀಪ ಹಚ್ಚಿಕೊಂಡು ಒಂದು ಚಕ್ರ ತಿರುಗ್ತಾನೇ ಇರ್ತದ. ಕುಸನೂರದಿಂದ ಆಟೋ ಹಿಡಿದು, ಕಮಲಾಪುರದಿಂದ ಬಸ್ ಹತ್ತಿ ಬರೋ ಮಕ್ಕಳಿಗೆ ಜಾತ್ರಿ ಅಂದ್ರ ಅದೇ.

ಇವತ್ತಿನ ಸಂಚಿಕೆ ಆ ಚಕ್ರದ ಇತಿಹಾಸದ ಬಗ್ಗೆ. ಅದನ್ನು ಮೊದಲು ಯಾರು ಮಾಡಿದರು, ಅಷ್ಟೆತ್ತರ ಅದು ಹೇಗೆ ಬೆಳೆಯಿತು, ಕಟ್ಟಿದ ದೊಡ್ಡ ಚಕ್ರಗಳೆಲ್ಲ ಯಾಕೆ ಉಳಿಯಲಿಲ್ಲ, ವರ್ಷಕ್ಕೊಮ್ಮೆ ಬಿಚ್ಚಿ ಕಟ್ಟುವ ನಮ್ಮ ಜಾತ್ರೆಯ ಚಕ್ರ ಹೇಗೆ ಉಳಿಯಿತು. ಒಂದೊಂದಾಗಿ ನೋಡೋಣ.

ಹೆಸರಿನಿಂದ ಶುರು ಮಾಡೋಣ

ನಮ್ಮದು ನಾಲ್ಕು ಭಾಷೆ ಕೂಡುವ ಊರು. ಇದೇ ಚಕ್ರಕ್ಕೆ ಕನ್ನಡದಲ್ಲಿ ತೊಟ್ಟಿಲು ಅಂತೀವಿ. ಮರಾಠಿಯವರು ಆಕಾಶ ಪಾಳಣಾ ಅಂತಾರೆ. ಪಾಳಣಾ ಅಂದರೂ ತೊಟ್ಟಿಲೇ. ತೆಲುಗಿನಲ್ಲಿ ರಂಗುಲ ರಾಟ್ನಂ, ಅಂದರೆ ಬಣ್ಣದ ರಾಟೆ. ದಖನಿ ಉರ್ದುವಿನಲ್ಲಿ ಝೂಲಾ, ಅಂದರೆ ಜೋಕಾಲಿ. ಬಂದೇ ನವಾಜರ ಉರುಸಿಗೆ ಹೋಗುವ ಮಕ್ಕಳು ಕೇಳುವುದೂ ಝೂಲಾನೇ. ಗಮನಿಸಿ ನೋಡ್ರಿ: ತೊಟ್ಟಿಲು, ರಾಟೆ, ಜೋಕಾಲಿ, ಇವೆಲ್ಲ ಮನೆಯೊಳಗಿನ ಸಾಮಾನು. ಇಂಗ್ಲಿಷಿನ ‘ಫೆರಿಸ್ ವೀಲ್’ ಅನ್ನುವ ಹೆಸರಿನಲ್ಲಿ ಮಾತ್ರ ಒಬ್ಬ ಮನುಷ್ಯ ಇದ್ದಾನೆ.

ಇನ್ನೊಂದು ಹೆಸರು ಅದ. ‘ಜೈಂಟ್ ವೀಲ್’ ಅನ್ನುವುದನ್ನು ನಮ್ಮ ಜನ ‘ಜಾಯಿಂಟ್ ವೀಲ್’ ಮಾಡಿಬಿಟ್ಟಿದ್ದಾರೆ. ಓದಿದವರು ನಗ್ತಾರೆ. ಆದರೆ ಈ ಕಥೆ ಕೇಳಿ ಮುಗಿಸುವ ಹೊತ್ತಿಗೆ, ಜನರು ಹೇಳುವುದೇ ಸರಿ ಅಂತ ನಿಮಗೂ ಅನ್ನಿಸಬಹುದು.

ಇಸ್ತಾಂಬುಲ್‌ನಿಂದ ಇಕ್ಕೇರಿಗೆ ಬಂದ ಪ್ರವಾಸಿ

ಚಕ್ರಕ್ಕೆ ಪೆಟ್ಟಿಗೆ ಕಟ್ಟಿ ಮನುಷ್ಯರನ್ನು ತಿರುಗಿಸುವ ಆಟ ಅಮೆರಿಕದಲ್ಲಿ ಹುಟ್ಟಿದ್ದಲ್ಲ. 1615ರಲ್ಲಿ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ರೋಮ್ ಊರಿನ ಪ್ರವಾಸಿ ಇಸ್ತಾಂಬುಲ್‌ನಲ್ಲಿದ್ದ. ರಂಜಾನ್ ಹಬ್ಬದ ಸಂಭ್ರಮದಲ್ಲಿ ಅಲ್ಲಿನ ಜೋಕಾಲಿಗಳನ್ನೂ ದೊಡ್ಡ ಚಕ್ರವನ್ನೂ ನೋಡಿದ, ಸ್ವತಃ ಹತ್ತಿದ. ಮೇಲಕ್ಕೂ ಕೆಳಕ್ಕೂ ರಭಸದಿಂದ ಹೋಗುವುದು ತನಗೆ ಖುಷಿ ಕೊಟ್ಟಿತು, ಆದರೆ ಹತ್ತಿರ ಕೂತಿದ್ದ ಗ್ರೀಕನೊಬ್ಬ ತಾಳಲಾರದೆ ಸಾಕು ಸಾಕು ಎಂದು ಕೂಗಿಕೊಂಡ ಅಂತ ಬರೆದಿದ್ದಾನೆ. 400 ವರ್ಷ ಆಯಿತು, ತೊಟ್ಟಿಲಲ್ಲಿ ಆ ಕೂಗು ಇನ್ನೂ ನಿಂತಿಲ್ಲ.

ಐದು ವರ್ಷದ ನಂತರ, 1620ರಲ್ಲಿ, ಪೀಟರ್ ಮಂಡಿ ಎಂಬ ಇಂಗ್ಲಿಷ್ ಪ್ರವಾಸಿ ಇವತ್ತಿನ ಬಲ್ಗೇರಿಯಾದ ಪ್ಲೊವ್‌ಡಿವ್‌ನಲ್ಲಿ ಇಂಥದ್ದೇ ಚಕ್ರ ಕಂಡ. ಲಂಡನ್ ಬಂದರಿನಲ್ಲಿ ಸರಕು ಎತ್ತುವ ರಾಟೆಯ ಹಾಗಿದೆ, ಸುತ್ತಲೂ ತೂಗುಹಾಕಿದ ಸಣ್ಣ ಪೀಠಗಳಲ್ಲಿ ಮಕ್ಕಳು ಕೂರುತ್ತಾರೆ ಅಂತ ದಾಖಲಿಸಿದ.

ನಮಗೆ ಹತ್ತಿರದ ಸಂಗತಿ ಏನಂದ್ರ, ಇದೇ ದೆಲ್ಲಾ ವಾಲ್ಲೆ 1623ರಲ್ಲಿ ಕರ್ನಾಟಕಕ್ಕೆ ಬಂದ. ಪೋರ್ಚುಗೀಸ್ ರಾಯಭಾರಿಯ ಜೊತೆ ಗೋವಾದಿಂದ ಹೊರಟು, ಘಟ್ಟ ಹತ್ತಿ, ಇಕ್ಕೇರಿಯಲ್ಲಿ ವೆಂಕಟಪ್ಪ ನಾಯಕನ ಆಸ್ಥಾನ ನೋಡಿದ. ಕೆಳದಿ ಅರಸರ ಇತಿಹಾಸ ಬರೆಯುವವರು ಇವತ್ತಿಗೂ ಅವನ ಪತ್ರಗಳನ್ನು ತೆಗೆಯುತ್ತಾರೆ. ದೊಡ್ಡ ಚಕ್ರದ ಅತಿ ಹಳೆಯ ವರ್ಣನೆಗಳಲ್ಲಿ ಒಂದನ್ನು ಬರೆದ ಕೈಯೇ ಇಕ್ಕೇರಿಯನ್ನೂ ಬರೆದಿದೆ.

ಆ ಕಾಲದ ಚಕ್ರ ಮರದ್ದು. ತಿರುಗಿಸುವವರು ಮನುಷ್ಯರು. ಹಾಗಾಗಿ ಎತ್ತರಕ್ಕೆ ಒಂದು ಮಿತಿ ಇತ್ತು. ಆ ಮಿತಿ ಮುರಿದದ್ದು ಉಕ್ಕು ಬಂದ ಮೇಲೆ.

1893, ಚಿಕಾಗೊ

1893ರ ಚಿಕಾಗೊ ಅಂದ್ರ ನಮಗೆ ನೆನಪಾಗುವುದು ಸ್ವಾಮಿ ವಿವೇಕಾನಂದರ ಭಾಷಣ, ಸೆಪ್ಟೆಂಬರ್ 11. ಆ ಸರ್ವಧರ್ಮ ಸಮ್ಮೇಳನ ನಡೆದದ್ದು ಕೊಲಂಬಿಯನ್ ವಿಶ್ವ ಪ್ರದರ್ಶನದ ಅಂಗವಾಗಿ. ಅದೇ ಪ್ರದರ್ಶನದ ಮೈದಾನದಲ್ಲಿ, ಅದೇ ಬೇಸಿಗೆಯಲ್ಲಿ, ಮೊದಲ ಫೆರಿಸ್ ಚಕ್ರವೂ ತಿರುಗುತ್ತಿತ್ತು.

ಹಿನ್ನೆಲೆ ಇಷ್ಟು. 1889ರಲ್ಲಿ ಪ್ಯಾರಿಸ್ಸಿನವರು ಐಫೆಲ್ ಗೋಪುರ ಎಬ್ಬಿಸಿ ಜಗತ್ತಿನ ಕಣ್ಣು ಸೆಳೆದಿದ್ದರು. ಅದಕ್ಕೆ ಸರಿಸಾಟಿಯಾದದ್ದು ಏನಾದರೂ ಬೇಕು ಅಂತ ಚಿಕಾಗೊ ಪ್ರದರ್ಶನದ ಮುಖ್ಯಸ್ಥ ಡೇನಿಯಲ್ ಬರ್ನ್‌ಹ್ಯಾಮ್ ಅಮೆರಿಕದ ಎಂಜಿನಿಯರುಗಳಿಗೆ ಸವಾಲು ಹಾಕಿದ. ಮುಂದೆ ಬಂದವನು ಜಾರ್ಜ್ ವಾಷಿಂಗ್ಟನ್ ಗೇಲ್ ಫೆರಿಸ್. ಸೇತುವೆಗಳಿಗೆ ಹೋಗುವ ಉಕ್ಕನ್ನು ಪರೀಕ್ಷಿಸುವುದು ಅವನ ಕಸುಬು. ಇಂಥ ಚಕ್ರ ನಿಲ್ಲುವುದಿಲ್ಲ, ಬೀಳುತ್ತದೆ ಅಂತ ಹೇಳಿದವರೇ ಹೆಚ್ಚು. ಒಪ್ಪಿಗೆ ಸಿಕ್ಕಿದ್ದು 1892ರ ಡಿಸೆಂಬರ್‌ನಲ್ಲಿ. ಹೆಪ್ಪುಗಟ್ಟಿದ ನೆಲ ಒಡೆದು, ಕೆಳಗಿನ ಕುಸಿಯುವ ಮರಳು ದಾಟಿ, ಕಾಂಕ್ರೀಟು ಗಟ್ಟಿಯಾಗುವ ಮೊದಲೇ ಹಿಮಗಟ್ಟದಂತೆ ಹಬೆ ಹಾಯಿಸಿ ಬುನಾದಿ ಹಾಕಿದರು. ಚಕ್ರ ಜನರಿಗೆ ತೆರೆದದ್ದು 1893ರ ಜೂನ್ 21ಕ್ಕೆ.

ಅಳತೆ ಕೇಳಿ. ಎತ್ತರ 264 ಅಡಿ, ಅಂದರೆ 80 ಮೀಟರ್. ನಮ್ಮ ವಿಜಯಪುರದ ಗೋಲಗುಮ್ಮಟ ಸುಮಾರು 51 ಮೀಟರ್. ಪೆಟ್ಟಿಗೆ 36. ಒಂದೊಂದರಲ್ಲಿ 60 ಜನ. ಒಮ್ಮೆಗೆ 2,160 ಮಂದಿ. ನಡುವಿನ ಅಚ್ಚು 45 ಅಡಿ ಉದ್ದ, 40 ಟನ್ ತೂಕ. ಎರಡು ಸುತ್ತಿಗೆ 20 ನಿಮಿಷ, ಟಿಕೆಟ್ 50 ಸೆಂಟ್. ಪ್ರದರ್ಶನ ಮುಗಿಯುವವರೆಗೆ 14 ಲಕ್ಷಕ್ಕೂ ಹೆಚ್ಚು ಜನ ಹತ್ತಿ ಇಳಿದರು. ಜುಲೈಯಲ್ಲಿ ಬಿರುಗಾಳಿ ಬಂತು. ಚಕ್ರ ಅಲುಗದೆ ನಿಂತಿತು.

ಅಷ್ಟು ದೊಡ್ಡ ಚಕ್ರ ಹೇಗೆ ನಿಂತಿತು? ಉತ್ತರ ಸೈಕಲ್ಲಿನಲ್ಲದ. ಎತ್ತಿನ ಬಂಡಿಯ ಗಾಲಿಯಲ್ಲಿ ಭಾರ ಹೊರುವುದು ಅಚ್ಚಿನ ಕೆಳಗಿರುವ ದಪ್ಪ ಮರದ ಅರ. ಅದು ನೆಲಕ್ಕೆ ಊರಿ ನಿಲ್ಲುತ್ತದೆ. ಸೈಕಲ್ ಗಾಲಿಯ ಕಡ್ಡಿಗಳು ತೆಳ್ಳಗಿದ್ದರೂ ಬಾಗುವುದಿಲ್ಲ, ಯಾಕಂದ್ರ ಅವನ್ನೆಲ್ಲ ಬಿಗಿದು ಎಳೆದಿರುತ್ತಾರೆ. ಫೆರಿಸ್ ಮಾಡಿದ್ದೂ ಅದನ್ನೇ. ಚಕ್ರದ ಬಳೆಯನ್ನು ಉಕ್ಕಿನ ಸಲಾಕೆಗಳಿಂದ ಅಚ್ಚಿಗೆ ಎಳೆದು ಕಟ್ಟಿದ. ಅದರಿಂದ ತೂಕ ಕಡಿಮೆಯಾಯಿತು, ಎತ್ತರ ಸಾಧ್ಯವಾಯಿತು. 2000ದಲ್ಲಿ ಜನರಿಗೆ ತೆರೆದ 135 ಮೀಟರಿನ ಲಂಡನ್ ಐ ಕೂಡ ಇದೇ ತತ್ವದ ಮೇಲೆ ನಿಂತಿದೆ. ಸಲಾಕೆಯ ಜಾಗದಲ್ಲಿ ಉಕ್ಕಿನ ಹಗ್ಗ.

ಹೆಗ್ಗುರುತುಗಳ ಗತಿ

ಈಗ ಕಥೆಯ ಕಹಿ ಭಾಗ. ಪ್ರದರ್ಶನ ಮುಗಿಯಿತು, ಚಕ್ರಕ್ಕೆ ಕೆಲಸ ಇಲ್ಲದಾಯಿತು. ಬಿಚ್ಚಿ ಚಿಕಾಗೊದ ಇನ್ನೊಂದು ಕಡೆ ನಿಲ್ಲಿಸಿದರು, ಜನ ಬರಲಿಲ್ಲ. ಫೆರಿಸ್ ಸಾಲ, ವ್ಯಾಜ್ಯಗಳಲ್ಲಿ ಸಿಕ್ಕಿಕೊಂಡ. 1896ರ ನವೆಂಬರ್‌ನಲ್ಲಿ ತೀರಿಕೊಂಡಾಗ ಅವನಿಗೆ 37 ವರ್ಷ. 1904ರಲ್ಲಿ ಚಕ್ರ ಸೇಂಟ್ ಲೂಯಿಸ್ ಪ್ರದರ್ಶನಕ್ಕೆ ಹೋಯಿತು. 1906ರಲ್ಲಿ ಡೈನಮೈಟ್ ಇಟ್ಟು ಅದನ್ನು ಕೆಡವಿದರು, ಗುಜರಿಗೆ ಹೋಯಿತು.

ಲಂಡನ್ನಿನ ಅರ್ಲ್ಸ್ ಕೋರ್ಟ್ ಚಕ್ರ ಇನ್ನೂ ಎತ್ತರದ್ದು, 94 ಮೀಟರ್. 1895ರಲ್ಲಿ ತೆರೆಯಿತು, 1907ಕ್ಕೆ ಹೋಯಿತು. ಆ ಕಾಲದ್ದು ಅಂತ ಇವತ್ತಿಗೂ ತಿರುಗುತ್ತಿರುವುದು ವಿಯೆನ್ನಾದ 1897ರ ಚಕ್ರ ಒಂದೇ. ಅದನ್ನೂ ಕೆಡವಬೇಕು ಅಂತಿದ್ದರು, ಕೆಡವಲು ದುಡ್ಡಿಲ್ಲದೆ ಉಳಿಯಿತು. 1944ರಲ್ಲಿ ಯುದ್ಧದ ಬೆಂಕಿಗೆ ಸುಟ್ಟು, 1947ರಲ್ಲಿ ಮತ್ತೆ ಎದ್ದಿತು. 30 ಪೆಟ್ಟಿಗೆಗಳ ಬದಲು 15 ಮಾತ್ರ ಕಟ್ಟಿದರು. ನಮ್ಮ ಕಾಲದಲ್ಲೂ ಅಷ್ಟೇ. ದುಬೈಯಲ್ಲಿ 2021ರಲ್ಲಿ 250 ಮೀಟರಿನ ಚಕ್ರ ತೆರೆಯಿತು, ಜಗತ್ತಿನಲ್ಲೇ ಎತ್ತರದ್ದು. ಕೆಲವೇ ತಿಂಗಳಲ್ಲಿ, 2022ರ ಮಾರ್ಚ್‌ನಲ್ಲಿ ನಿಂತಿತು; ಮತ್ತೆ ಜನರನ್ನು ಹತ್ತಿಸಿಕೊಂಡದ್ದು 2024ರ ಕೊನೆಗೆ.

ಕಾರಣ ಸರಳ. ಒಂದೇ ಕಡೆ ನಿಂತ ಚಕ್ರವನ್ನು ಊರವರು ಒಮ್ಮೆ ಹತ್ತಿ ನೋಡುತ್ತಾರೆ, ಹೆಚ್ಚಂದರೆ ಎರಡು ಸಲ. ಹೊಸ ಜನ ಬರುತ್ತಲೇ ಇರಬೇಕು. ಅದಿಲ್ಲದಿದ್ದರೆ ಉಕ್ಕು ಎಷ್ಟೇ ಗಟ್ಟಿ ಇದ್ದರೂ ಲೆಕ್ಕದ ಪುಸ್ತಕ ಅದನ್ನು ಬೀಳಿಸುತ್ತದೆ.

ಬಿಚ್ಚಿ ಒಯ್ಯುವ ಚಕ್ರ

ಇದಕ್ಕೆ ಉಪಾಯ ಹುಡುಕಿದವನ ಹೆಸರು ಹೆಚ್ಚು ಜನಕ್ಕೆ ಗೊತ್ತಿಲ್ಲ. ವಿಲಿಯಂ ಸಲಿವನ್, ಅವನೂ ಸೇತುವೆ ಕಟ್ಟುವವನೇ. ಚಿಕಾಗೊದಲ್ಲಿ ಫೆರಿಸ್ ಚಕ್ರ ಹತ್ತಿ ಬಂದವನು. 1900ರಲ್ಲಿ ಇಲಿನಾಯ್ ರಾಜ್ಯದ ಜಾಕ್ಸನ್‌ವಿಲ್ ಎಂಬ ಊರಲ್ಲಿ 45 ಅಡಿಯ, 12 ಪೀಠಗಳ ಚಕ್ರ ನಿಲ್ಲಿಸಿದ. ಅದರ ವಿಶೇಷ ಎತ್ತರ ಅಲ್ಲ. ಬಿಚ್ಚಬಹುದು, ಹೇರಬಹುದು, ಮುಂದಿನ ಊರಲ್ಲಿ ಮತ್ತೆ ಜೋಡಿಸಬಹುದು. ಜನ ಚಕ್ರದ ಹತ್ತಿರ ಬರದಿದ್ದರೆ ಚಕ್ರವೇ ಜನರ ಹತ್ತಿರ ಹೋಗುತ್ತದೆ.

ನಮ್ಮ ಜಾತ್ರೆಯ ಚಕ್ರ ಈ ಜಾತಿಯದು. ಇಲ್ಲಿಗೆ ಬಂದಾಗ ‘ಜಾಯಿಂಟ್ ವೀಲ್’ ಅನ್ನುವ ಮಾತಿಗೆ ಅರ್ಥ ಬರ್ತದ. ಲಾರಿಯಿಂದ ಇಳಿಯುವಾಗ ಅದು ಚಕ್ರ ಅಲ್ಲ, ಬಿಡಿ ಬಿಡಿ ಕಬ್ಬಿಣ. ಮೊದಲು ನೆಲ ಸಮ ಮಾಡಿ, ದಪ್ಪ ಮರದ ದಿಮ್ಮಿ ಹಾಸುತ್ತಾರೆ. ಎರಡೂ ಬದಿ ಕಂಬಗಳನ್ನು ನಿಲ್ಲಿಸಿ ಮೇಲೆ ಅಚ್ಚು ಕೂರಿಸುತ್ತಾರೆ. ಆಮೇಲೆ ಒಂದೊಂದೇ ಅರ, ಅರದ ತುದಿಗೆ ಬಳೆಯ ತುಂಡು, ಕೊನೆಗೆ ಪೆಟ್ಟಿಗೆ. ಪ್ರತಿ ಕೂಡಿಗೂ ಬೋಲ್ಟು ಇಲ್ಲವೇ ಪಿನ್ನು. ಜಾತ್ರೆ ಮುಗಿದ ಮೇಲೆ ಎಲ್ಲವನ್ನೂ ಬಿಚ್ಚಿ ಮುಂದಿನ ಊರು. ಫೆರಿಸ್ ತನ್ನ ಚಕ್ರವನ್ನು ಚಿಕಾಗೊದ ಆ ಮೈದಾನದಲ್ಲಿ ಒಮ್ಮೆ ಕಟ್ಟಿದ. ಈ ಕೆಲಸಗಾರರು ಒಂದೇ ವರ್ಷದಲ್ಲಿ ಎಷ್ಟೋ ಸಲ ಕಟ್ಟುತ್ತಾರೆ. ಅವರ ಹೆಸರು ಯಾವ ಚಕ್ರಕ್ಕೂ ಬಂದಿಲ್ಲ.

ಅವರಿಗೊಂದು ಲೆಕ್ಕ ಗೊತ್ತಿರುತ್ತದೆ. ಮೊದಲ ಪೆಟ್ಟಿಗೆ ತುಂಬಿದ ಕೂಡಲೇ ಪಕ್ಕದ್ದನ್ನು ತುಂಬುವುದಿಲ್ಲ. ಚಕ್ರ ಅರ್ಧ ತಿರುಗಿಸಿ ಎದುರಿನದನ್ನು ತುಂಬುತ್ತಾರೆ. ಕೆಳಗೆ ನಿಂತವರಿಗೆ ತಡ ಮಾಡಿದ ಹಾಗೆ ಕಾಣ್ತದ. ಆದರೆ ಒಂದೇ ಬದಿಗೆ ಭಾರ ಬಿದ್ದರೆ ಚಕ್ರ ತಾನಾಗಿ ಉರುಳಲು ನೋಡುತ್ತದೆ, ಮೋಟಾರು ಮತ್ತು ಬ್ರೇಕಿನ ಮೇಲೆ ಒತ್ತಡ ಏರುತ್ತದೆ. ಎರಡು ಬದಿ ಸಮ ಇದ್ದರೆ ಸಣ್ಣ ಮೋಟಾರು ಸಾಕು.

ಇನ್ನೊಂದು ಮಾತು. ನಮ್ಮ ಚಕ್ರ ಸಣ್ಣದು ಅಂತ ಕಡೆಗಣಿಸಬಾರದು. ಲಂಡನ್ ಐ ಒಂದು ಸುತ್ತಿಗೆ ಅರ್ಧ ಗಂಟೆ ತಗೊಳ್ತದ. ಪೆಟ್ಟಿಗೆಯ ವೇಗ ಗಂಟೆಗೆ 1 ಕಿಲೊಮೀಟರಿಗೂ ಕಡಿಮೆ, ಕೂತವರಿಗೆ ತಿರುಗುವುದೇ ತಿಳಿಯುವುದಿಲ್ಲ. ಜಾತ್ರೆಯ ಚಕ್ರದ್ದು ಬೇರೆ ಲೆಕ್ಕ. ಉದಾಹರಣೆಗೆ 20 ಮೀಟರ್ ಅಗಲದ ಚಕ್ರ ನಿಮಿಷಕ್ಕೆ 5 ಸುತ್ತು ಹಾಕಿದರೆ, ವೇಗ ಗಂಟೆಗೆ ಸುಮಾರು 19 ಕಿಲೊಮೀಟರ್. 60 ಕಿಲೊ ತೂಕದವರಿಗೆ ತುತ್ತತುದಿಯಲ್ಲಿ ಸುಮಾರು 43 ಕಿಲೊ ಅನ್ನಿಸುತ್ತದೆ, ಕೆಳಗೆ ಬಂದಾಗ 77. ಹೊಟ್ಟೆಯಲ್ಲಿ ಏನೋ ಜಾರಿದಂತೆ ಆಗುವುದು ಇದೇ. ಬೋಲ್ಟುಗಳೂ ಪ್ರತಿ ಸುತ್ತಿಗೆ ಆ ಏರಿಳಿತ ಅನುಭವಿಸುತ್ತವೆ. ಲಂಡನ್ ಐಗಿಂತ ಎತ್ತರ ಕಡಿಮೆ, ಆದರೆ ಕೂಡಿಗಳ ಮೇಲಿನ ಎಳೆತ ಕಡಿಮೆ ಅಲ್ಲ.

ನಾವು ಕೇಳಬೇಕಾದದ್ದು

ಚಿಕಾಗೊದಲ್ಲಿ ಕುಸಿಯುವ ಮರಳು ಇತ್ತು, ನಮ್ಮ ಭಾಗದಲ್ಲಿ ಎರಿಮಣ್ಣು ಅದ. ಬೇಸಿಗೆಯಲ್ಲಿ ಬಿರುಕು ಬಿಡ್ತದ, ನೀರು ಬಿದ್ದರೆ ಉಬ್ಬುತ್ತದ. ಜಾತ್ರೆ ನಡೆಯುವ ಮಾರ್ಚ್, ಏಪ್ರಿಲ್‌ನಲ್ಲೇ ಗಾಳಿ ಕಟ್ಟಿಕೊಂಡು ಅಕಾಲಿಕ ಮಳೆ ಬರುವುದು ನಮಗೇನೂ ಹೊಸದಲ್ಲ. ನಿನ್ನೆ ಸಮ ಇದ್ದ ದಿಮ್ಮಿ ಮಳೆಯಾದ ಮರುದಿನ ಸಮ ಇರಬೇಕು ಅಂತಿಲ್ಲ. ಹಾಗಾಗಿ ಜಾತ್ರೆ ಶುರುವಾಗುವ ಮುನ್ನ ಒಮ್ಮೆ ನೋಡಿ ಸಹಿ ಹಾಕಿದರೆ ಮುಗಿಯಲಿಲ್ಲ. ಚಕ್ರವನ್ನು ಬಿಚ್ಚಿ ಕಟ್ಟಿದ ಪ್ರತಿ ಸಲವೂ, ಮಳೆ ಗಾಳಿ ಬಂದ ಪ್ರತಿ ಸಲವೂ ಪರೀಕ್ಷೆ ಹೊಸದಾಗಿ ಆಗಬೇಕು.

ದೊಡ್ಡ ಊರುಗಳಲ್ಲೂ ಎಚ್ಚರ ತಪ್ಪಿದ್ದು ಉಂಟು. 2019ರ ಜುಲೈಯಲ್ಲಿ ಅಹಮದಾಬಾದಿನ ಕಂಕಾರಿಯಾ ಕೆರೆ ದಂಡೆಯಲ್ಲಿ ಒಂದು ಸವಾರಿ ಮುರಿದುಬಿದ್ದು ಇಬ್ಬರು ಸತ್ತರು. ಅದು ಚಕ್ರ ಅಲ್ಲ, ಅತ್ತಿಂದಿತ್ತ ತೂಗುವ ಲೋಲಕ. ಬಿಚ್ಚಿ ಒಯ್ಯುವುದೂ ಅಲ್ಲ, ಒಂದೇ ಕಡೆ ಇದ್ದದ್ದು. ಒಂದೇ ಕಡೆ ಇರುವುದಕ್ಕೇ ಹೀಗಾದರೆ, ಊರೂರು ತಿರುಗುವುದಕ್ಕೆ ಎಷ್ಟು ನಿಗಾ ಬೇಕು ಅಂತ ನೀವೇ ಯೋಚಿಸ್ರಿ. ಇಂಥ ಸವಾರಿಗಳಿಗೆ ಭಾರತೀಯ ಮಾನಕ ಬ್ಯೂರೊದ ಮಾನಕಗಳಿವೆ. ಅವು ಕಾಗದದಿಂದ ಮೈದಾನಕ್ಕೆ ಇಳಿಯಬೇಕು.

ಹತ್ತುವವರು ಮಾಡಬಹುದಾದದ್ದೂ ಅದ. ಉದ್ದ ಕೂದಲು, ದುಪಟ್ಟಾ, ಸೆರಗು ಬಿಗಿಯಾಗಿ ಕಟ್ಟಿಕೊಳ್ಳಿ. ಪೆಟ್ಟಿಗೆಯ ಅಡ್ಡ ಸಲಾಕೆ ಹಾಕಿದ್ದಾರೋ ಇಲ್ಲೋ ನೋಡಿ. ಮೊಬೈಲ್ ಹಿಡಿದು ಎದ್ದು ನಿಲ್ಲಬೇಡಿ. ನಾಲ್ಕು ಜನ ಕೂರುವಲ್ಲಿ ಆರು ಜನ ತುಂಬಿದರೆ ಇಳಿದುಬಿಡಿ. ಗಾಳಿ ಎದ್ದಾಗ ಚಕ್ರ ನಿಲ್ಲಿಸಿದರೆ ಜಗಳಕ್ಕೆ ನಿಲ್ಲಬೇಡ್ರಿ. ನಿಲ್ಲಿಸಿದವನು ತನ್ನ ದುಡಿಮೆ ಬಿಟ್ಟು ನಿಮ್ಮ ಜೀವ ನೋಡಿಕೊಂಡಿದ್ದಾನೆ.

ನಮ್ಮ ಊರಿಗೂ ಒಂದು ಲಂಡನ್ ಐ ಬೇಕು ಅಂತ ಆಗಾಗ ಮಾತು ಬರ್ತದ. ಎತ್ತರದ ಪೈಪೋಟಿಗೆ ಇಳಿದ ಚಕ್ರಗಳ ಗತಿ ಏನಾಯಿತು ಅಂತ ಈಗ ಕೇಳಿದಿರಿ. ಚಿಕಾಗೊದಿಂದ ನಾವು ತರಬೇಕಾದದ್ದು ಎತ್ತರ ಅಲ್ಲ, ಫೆರಿಸ್ ಕಲಿತಿದ್ದ ಕಸುಬು: ಉಕ್ಕನ್ನು ಪರೀಕ್ಷಿಸುವುದು. ಅದು ಪ್ರತಿ ಕೂಡಿಗೂ ಆಗಲಿ. ಹೆಸರು ಜಾಯಿಂಟ್ ವೀಲ್ ಅಂತಲೇ ಇರಲಿ, ತೊಂದರೆ ಇಲ್ಲ.

ನಿಮ್ಮ ಊರ ಜಾತ್ರೆಯಲ್ಲಿ ಈ ಚಕ್ರಕ್ಕೆ ಬೇರೆ ಹೆಸರಿದ್ದರೆ ನಮಗೆ ಬರೆದು ತಿಳಿಸ್ರಿ.