ನಾಟಕದಾಕೆ ಎಲ್ಲಿ ಮಲಗಿದಳು?



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಬಂದ ನಾಟಕ ಕಂಪನಿಗಳ ಬಗ್ಗೆ ಬರೆಯೋರು, ಆಟ ಮುಗಿದಮ್ಯಾಲೆ ನಟಿ ಎಲ್ಲಿ ಮಲಗಿದಳು ಅಂತ ಬರೆಯೋದಿಲ್ಲ. ಸೀಟಿ ಹೊಡೆದವರೇ, ಬಾಡಿಗೆ ಖೋಲಿ ಕೇಳಿದರೆ ‘ಯಾ ಪೈಕಿ?’ ಅಂತಿದ್ದರು. ಮೊದಮೊದಲು ರಂಗಕ್ಕೆ ಬಂದ ಹೆಣ್ಣುಮಕ್ಕಳಲ್ಲಿ ದೇವದಾಸಿ, ಕಲಾವಂತ ಮನೆಯವರೇ ಬಹಳ. ನಮ್ಮ ಜಿಲ್ಲೆ ಆಗ ಮುಂಬೈ ಪ್ರಾಂತದೊಳಗಿತ್ತು. 1934ರಲ್ಲೇ ಅಲ್ಲಿ ದೇವದಾಸಿ ಕಾಯ್ದೆ ಬಂದಿತ್ತು. ಖೋಲಿ ಕೊಡೋರಿಗೆ ಅದರ ಲೆಕ್ಕವಿಲ್ಲ. ಬೀಳಗಿಯ ಅಮೀರಬಾಯಿ ಕರ್ನಾಟಕಿ 1943ರ ‘ಕಿಸ್ಮತ್’ನಲ್ಲಿ ಹಾಡಿ ದೇಶಕ್ಕೇ ಹೆಸರಾದರು. ಅಂಥ ಹೆಸರು ಎಷ್ಟು ಮಂದಿಗೆ ಸಿಕ್ಕೀತು?

ನಮ್ಮೂರಲ್ಲಿ ಸಾಹುಕಾರರ ಕ್ಲಬ್ಬು ನಟಿಯರಿಗೆ ಹಿಂದಿನ ಖೋಲಿ ಕೊಡುತ್ತಿತ್ತು. ಅದನ್ನೇ ಈಗ ‘ಕಲಾಪ್ರೇಮ’ ಅಂತಾರೆ. ಆ ಅಂಗಳ ಗುಡಿಸುತ್ತಿದ್ದವಳು ನಮ್ಮಜ್ಜಿ, ಒಳಗೆ ಕಾಲಿಡುವಂತಿರಲಿಲ್ಲ. ಒಬ್ಬ ನಟಿ ತನ್ನ ಕಪ್ಪಿನಲ್ಲೇ ಅಜ್ಜಿಗೆ ಚಹಾ ಕೊಟ್ಟಳಂತೆ. ಕ್ಲಬ್ಬಿನವರು ಇಬ್ಬರನ್ನೂ ಹೊರಗೆ ಹಾಕಿದರು. ಆ ರಾತ್ರಿ ಆಕೆ ಮಲಗಿದ್ದು ನಮ್ಮ ಕೇರಿಯಲ್ಲಿ.