ಶಿಲ್ಪಿಯ ಓಲೆಗಳು

ಭವ್ಯ ಭವನಗಳ ಇತಿಹಾಸವನ್ನು ಬರೆಯುವವರು ಕಟ್ಟಿಸಿದವರ ಹೆಸರನ್ನು ಹೇಳಿ ಸುಮ್ಮನಾಗುವುದುಂಟು. ಕಟ್ಟಿದವರ ಮನದ ತಳಮಳವು ಕಲ್ಲಿನ ಮೇಲೆ ಕಾಣುವುದಿಲ್ಲ. ಅದನ್ನರಿಯಲು ಅವರ ಖಾಸಗಿ ಓಲೆಗಳನ್ನೇ ನೋಡಬೇಕು. ಅಮೇರಿಕದ ಸರಕಾರೀ ಶಿಲ್ಪಿಯಾಗಿದ್ದ ಬೆಂಜಮಿನ್ ಹೆನ್ರಿ ಲ್ಯಾಟ್ರೋಬನ ಪತ್ರವ್ಯವಹಾರವು ಇದಕ್ಕೆ ಉತ್ತಮ ನಿದರ್ಶನವು.

1764ರಲ್ಲಿ ಇಂಗ್ಲಂಡದಲ್ಲಿ ಹುಟ್ಟಿದ ಈತನು 1796ರಲ್ಲಿ ಅಮೇರಿಕಕ್ಕೆ ಬಂದನು. 1803ರಲ್ಲಿ ಅಧ್ಯಕ್ಷ ಥಾಮಸ್ ಜೆಫರ್ಸನ್ನನು ಈತನನ್ನು ಸರಕಾರೀ ಕಟ್ಟಡಗಳ ಅಧಿಕಾರಿಯನ್ನಾಗಿ ನೇಮಿಸಿ, ವಾಷಿಂಗ್ಟನ್ನಿನ ಕ್ಯಾಪಿಟಲ್ ಭವನದ ಕೆಲಸವನ್ನು ಒಪ್ಪಿಸಿದನು. ಎರಡು ಲೇಖನಿಗಳನ್ನು ಜೋಡಿಸಿದ ಪಾಲಿಗ್ರಾಫ್ ಎಂಬ ಯಂತ್ರದಿಂದ ಲ್ಯಾಟ್ರೋಬನು ಬರೆಯುತ್ತಿದ್ದನು. ಒಂದು ಲೇಖನಿಯು ಬರೆದುದನ್ನೇ ಇನ್ನೊಂದು ಬೇರೆ ಹಾಳೆಯ ಮೇಲೆ ಮೂಡಿಸುತ್ತಿತ್ತು. ಆತನ ಸಾವಿರಾರು ಪತ್ರಗಳ ಪ್ರತಿಗಳು ಇಂದಿಗೂ ಉಳಿದಿರುವುದು ಇದರಿಂದಲೇ.

ಜೆಫರ್ಸನ್ನನೂ ವಾಸ್ತುಶಾಸ್ತ್ರವನ್ನು ಬಲ್ಲವನು. ಪ್ಯಾರಿಸಿನ ಧಾನ್ಯಪೇಟೆಯ ಗುಮ್ಮಟವನ್ನು ಕಂಡು ಮೆಚ್ಚಿದ್ದ ಆತನು, ಪ್ರತಿನಿಧಿಸಭೆಯ ಮಾಳಿಗೆಗೂ ಅಂಥವೇ ಗಾಜಿನ ಬೆಳಕಿಂಡಿಗಳು ಬೇಕೆಂದನು. ಅವು ಸೋರುವವು, ಬೆಳಕು ಕಣ್ಣು ಕೋರೈಸುವುದು ಎಂದು ಲ್ಯಾಟ್ರೋಬನು ವಿನಯದಿಂದಲೇ ಆದರೂ ದೃಢವಾಗಿ ವಾದಿಸಿದನು. ಆದರೆ ತನ್ನ ಸಹಾಯಕನಾದ ಜಾನ್ ಲೆಂತಾಲನಿಗೆ ಬರೆಯುವಾಗ, ಅಧ್ಯಕ್ಷನು ಎಲ್ಲವನ್ನೂ ಹಳೆಯ ಫ್ರೆಂಚ್ ಪುಸ್ತಕಗಳಿಂದಲೇ ಹೆಕ್ಕಿ ತೆಗೆಯುವನೆಂದು ಬಿಚ್ಚುಮನದಿಂದ ಹೇಳಿಕೊಂಡನು. ಕಡೆಗೆ ಅಧ್ಯಕ್ಷನ ಮಾತೇ ನಡೆಯಿತು, ಬೆಳಕಿಂಡಿಗಳು ಸೋರಿದವು. ಆದರೂ ಇವರಿಬ್ಬರ ಸ್ನೇಹವು ಮುರಿಯಲಿಲ್ಲ.

ಲೆಂತಾಲನಿಗೆ ಬರೆದ ಓಲೆಗಳು ಮಾತ್ರ ದುಃಖದಲ್ಲಿ ಮುಗಿದವು. ಶ್ರೇಷ್ಠ ನ್ಯಾಯಾಲಯದ ಕೋಣೆಯ ಕಮಾನಿನ ರಚನೆಯನ್ನು ಮಿತವ್ಯಯಕ್ಕಾಗಿ ಬದಲಿಸಲಾಗಿತ್ತು. ಲ್ಯಾಟ್ರೋಬನು ಅದಕ್ಕೆ ಒಪ್ಪಿದ್ದನು. 1808ರ ಸಪ್ಟೆಂಬರಿನಲ್ಲಿ ಕೆಳಗಿನ ಮರದ ಆಸರೆಯನ್ನು ಬಿಡಿಸುವಾಗ ಕಮಾನು ಕುಸಿದು, ಲೆಂತಾಲನು ಅದರಡಿಯಲ್ಲಿಯೇ ಮಡಿದನು.

ಮರುವರ್ಷ ಲ್ಯಾಟ್ರೋಬನು ಜೆಫರ್ಸನ್ನನಿಗೆ ಬರೆದ ಓಲೆಯಲ್ಲಿ ಒಂದು ಸ್ವಾರಸ್ಯವಿದೆ. ಆತನು ಕೆಲವು ಕಂಬಗಳ ಬೋದಿಗೆಗಳಲ್ಲಿ ಗ್ರೀಕರ ಎಲೆಬಳ್ಳಿಗೆ ಬದಲಾಗಿ ಆ ನಾಡಿನ ಗೋವಿನಜೋಳದ ತೆನೆಗಳನ್ನು ಕೆತ್ತಿಸಿದ್ದನು. ತನ್ನ ಮಹಾಕಾರ್ಯಗಳೆಲ್ಲಕ್ಕಿಂತಲೂ ಸಭಾಸದರು ಈ ತೆನೆಗಳನ್ನೇ ಹೆಚ್ಚು ಹೊಗಳಿದರೆಂದು ಆತನು ಬರೆದು, ಒಂದು ಮಾದರಿಯನ್ನೂ ಕಳುಹಿದನು. ಜೆಫರ್ಸನ್ನನು ಮುಂದೆ ಅದನ್ನು ತನ್ನ ಮಾಂಟಿಸೆಲ್ಲೊ ಮನೆಯ ನೆರಳುಗಡಿಯಾರಕ್ಕೆ ಪೀಠವಾಗಿ ಇರಿಸಿಕೊಂಡನು.

1814ರಲ್ಲಿ ಇಂಗ್ಲಿಷ್ ಸೈನ್ಯವು ಭವನಕ್ಕೆ ಬೆಂಕಿಯಿಟ್ಟಿತು. ತೆನೆಯ ಕಂಬಗಳು ಉಳಿದವು. ಪುನರ್ನಿರ್ಮಾಣಕ್ಕೆ ಕೈಹಾಕಿದ ಲ್ಯಾಟ್ರೋಬನು 1817ರಲ್ಲಿ ಅಧಿಕಾರವನ್ನು ತ್ಯಜಿಸಿದನು. ಅದೇ ವರ್ಷ ಹಿರಿಯ ಮಗನು ನ್ಯೂ ಆರ್ಲಿಯನ್ಸ್ ನಗರದಲ್ಲಿ ಹಳದಿ ಜ್ವರದಿಂದ ತೀರಿಕೊಂಡಿದ್ದನು. ಮಗನು ಆರಂಭಿಸಿದ್ದ ಜಲಪೂರೈಕೆಯ ಕೆಲಸವನ್ನು ಪೂರೈಸಲು ಹೋದ ತಂದೆಯೂ 1820ರಲ್ಲಿ ಅಲ್ಲಿಯೇ, ಅದೇ ಜ್ವರಕ್ಕೆ ತುತ್ತಾದನು.

ಭವನದ ಕಲ್ಲುಗಳು ಆ ಶಿಲ್ಪಿಯ ಕೌಶಲವನ್ನು ಸಾರುತ್ತವೆ. ಅದಕ್ಕಾಗಿ ಆತನು ತೆತ್ತ ಬೆಲೆಯನ್ನು ಈ ಓಲೆಗಳು ಹೇಳುತ್ತವೆ.