ಪರದೆಯ ಹಿಂದಿನ ಎಂಜಿನ್: ಹಣದ ಚದುರಂಗದಲ್ಲಿ ಮೋಸದ ಇತಿಹಾಸ

ಆನ್‌ಲೈನ್ ಚದುರಂಗದಲ್ಲಿ ಕಂಪ್ಯೂಟರ್ ಮೋಸ ಎಂದರೆ, ಆಟಗಾರ ಸ್ವಂತ ಬುದ್ಧಿಯಿಂದ ಹುಡುಕಬೇಕಾದ ನಡೆಯನ್ನು ಚೆಸ್ ಎಂಜಿನ್ ಎಂಬ ತಂತ್ರಾಂಶದಿಂದ ಪಡೆದು ತನ್ನದೆಂದು ಆಡುವುದು. ಅದಕ್ಕೆ ಬೇಕಾದ ಸಲಕರಣೆ ತೀರಾ ಅಲ್ಪ. ಒಂದು ಪರದೆಯಲ್ಲಿ ಪಂದ್ಯ, ಪಕ್ಕದ ಫೋನಿನಲ್ಲಿ ಎಂಜಿನ್, ಅಷ್ಟೇ. ಎದುರಾಳಿ ಬೇರೆ ಊರಿನಲ್ಲೋ ಬೇರೆ ದೇಶದಲ್ಲೋ ಕುಳಿತಿರುತ್ತಾನೆ; ಕೋಣೆಯಲ್ಲಿ ತೀರ್ಪುಗಾರನಿರುವುದಿಲ್ಲ. ಪಂದ್ಯಕ್ಕೆ ಬಹುಮಾನದ ಹಣ ಸೇರಿತೆಂದರೆ ಇದು ಬರಿಯ ಆಟದ ಅಶಿಸ್ತಲ್ಲ, ಪ್ರಾಮಾಣಿಕವಾಗಿ ಆಡಿದವನ ಜೇಬಿಗೆ ಕೈಹಾಕುವ ಕಳವು.

ಹಣಕ್ಕಾಗಿ ಚದುರಂಗ ಆಡುವುದು ಇಂಟರ್ನೆಟ್ಟಿಗಿಂತ ಬಹಳ ಹಳೆಯದು. ಪ್ಯಾರಿಸ್ಸಿನ ಕೆಫೆ ದ ಲಾ ರೇಜಾನ್ಸ್‌ನಲ್ಲಿ 18ನೇ ಶತಮಾನದಲ್ಲೇ ಪಣದ ಆಟ ನಡೆಯುತ್ತಿತ್ತು. 19ನೇ ಶತಮಾನದ ಲಂಡನ್ನಿನ ಸಿಂಪ್ಸನ್ಸ್ ಡಿವಾನ್‌ನಲ್ಲಿ ಶಿಲ್ಲಿಂಗ್ ಪಣವಿಟ್ಟು ಆಡಿ ಹೊಟ್ಟೆಹೊರೆಯುವ ವೃತ್ತಿಪರರಿದ್ದರು. ಬಲ್ಲವನು ಅರಿಯದವನಂತೆ ನಟಿಸಿ, ಮೊದಲ ಆಟ ಬೇಕೆಂದೇ ಸೋತು, ಆಮೇಲೆ ಪಣ ಏರಿಸುವ ಚಾಳಿ ಅಲ್ಲಿಯೂ ಇತ್ತು. ಆದರೆ ಆಡುವವರಿಬ್ಬರೂ ಒಂದೇ ಮೇಜಿಗೆ ಕುಳಿತಿರುತ್ತಿದ್ದರು. ಸುತ್ತ ನೋಡುವವರ ಗುಂಪಿರುತ್ತಿತ್ತು. ಪಿಸುಗುಟ್ಟಿ ನಡೆ ಹೇಳಿಕೊಡಬಲ್ಲಷ್ಟು ಬಲಶಾಲಿಯಾದ ಮೂರನೆಯವನು ಸಿಗುವುದೇ ದುರ್ಲಭ. ಮೋಸಕ್ಕೆ ಅಡ್ಡನಿಂತದ್ದು ಈ ಎರಡು ಸಂಗತಿಗಳು: ಕಣ್ಣಿನ ಸಾಕ್ಷಿ ಮತ್ತು ನೆರವಿನ ಅಭಾವ. ಮುಂದಿನ ಇತಿಹಾಸವೆಲ್ಲ ಇವೆರಡೂ ಒಂದಾದ ಮೇಲೊಂದರಂತೆ ಕುಸಿದ ಕಥೆ.

ಯಂತ್ರ ಮತ್ತು ಚದುರಂಗದ ಮೊದಲ ಹೆಸರಾಂತ ವಂಚನೆ ಇಂದಿನದಕ್ಕೆ ತದ್ವಿರುದ್ಧ ದಿಕ್ಕಿನಲ್ಲಿತ್ತು. 1770ರಲ್ಲಿ ವುಲ್ಫ್‌ಗಾಂಗ್ ಫಾನ್ ಕೆಂಪೆಲೆನ್ ಆಸ್ಟ್ರಿಯಾದ ರಾಣಿ ಮರಿಯಾ ತೆರೇಸಾಳ ಆಸ್ಥಾನದಲ್ಲಿ ತೋರಿಸಿದ 'ಟರ್ಕ್' ಎಂಬ ಯಂತ್ರದ ಪೆಟ್ಟಿಗೆಯೊಳಗೆ ಮನುಷ್ಯನೊಬ್ಬ ಅಡಗಿ ಕುಳಿತು ಕಾಯಿ ನಡೆಸುತ್ತಿದ್ದ. ಆ ಯಂತ್ರ 1854ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಬೆಂಕಿಗೆ ಆಹುತಿಯಾಯಿತು. ಮನುಷ್ಯನ ಹಿಂದೆ ಯಂತ್ರ ಅಡಗಿದ ಮೊದಲ ಪ್ರಸಿದ್ಧ ಪ್ರಕರಣ ನಡೆದದ್ದೂ ಅದೇ ಊರಿನಲ್ಲಿ. 1993ರ ವರ್ಲ್ಡ್ ಓಪನ್ ಪಂದ್ಯಾವಳಿಗೆ, ಆಟದ ಬಲ ಸೂಚಿಸುವ ಯಾವ ರೇಟಿಂಗೂ ಇಲ್ಲದ ಆಟಗಾರನೊಬ್ಬ ಗಣಕವಿಜ್ಞಾನದ ಪಿತಾಮಹರಲ್ಲೊಬ್ಬರಾದ ಜಾನ್ ಫಾನ್ ನಾಯ್ಮನ್ ಅವರ ಹೆಸರನ್ನೇ ಇಟ್ಟುಕೊಂಡು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಬಂದ. ಐಸ್‌ಲ್ಯಾಂಡಿನ ಗ್ರ್ಯಾಂಡ್‌ಮಾಸ್ಟರ್ ಹೆಲ್ಗಿ ಓಲಾಫ್ಸನ್ ಜೊತೆ ಡ್ರಾ ಮಾಡಿಕೊಂಡ. ಬಹುಮಾನ ಕೊಡುವ ಮೊದಲು ಸಂಘಟಕರು ಸರಳವಾದ ಚದುರಂಗದ ಪ್ರಶ್ನೆ ಮುಂದಿಟ್ಟಾಗ ಅವನಿಗೆ ಉತ್ತರ ಹೊಳೆಯಲಿಲ್ಲ. ಬಹುಮಾನ ಸಿಗಲಿಲ್ಲ.

ಆ ಕಾಲದ ಯಂತ್ರಗಳು ಇನ್ನೂ ಗ್ರ್ಯಾಂಡ್‌ಮಾಸ್ಟರನಿಗಿಂತ ಮೇಲಲ್ಲ. 1996ರಲ್ಲಿ, ಮತ್ತೆ ಫಿಲಡೆಲ್ಫಿಯಾದಲ್ಲೇ, ವಿಶ್ವ ಚಾಂಪಿಯನ್ ಗ್ಯಾರಿ ಕಾಸ್ಪರೋವ್ ಐಬಿಎಂನ ಡೀಪ್ ಬ್ಲೂ ಕಂಪ್ಯೂಟರನ್ನು 4-2ರಿಂದ ಸೋಲಿಸಿದರು. ಮರುವರ್ಷ ನ್ಯೂಯಾರ್ಕಿನಲ್ಲಿ 3.5-2.5ರಿಂದ ಸೋತರು. ಡೀಪ್ ಬ್ಲೂ ಯಾರ ಮನೆಗೂ ಬರುವಂಥದ್ದಾಗಿರಲಿಲ್ಲ. ಮೋಸದ ಇತಿಹಾಸಕ್ಕೆ ಅದಕ್ಕಿಂತ ಮುಖ್ಯವಾದ ವರ್ಷ 2009. ಆ ವರ್ಷ ಬ್ಯೂನಸ್ ಐರಿಸ್‌ನ ಒಂದು ಪಂದ್ಯಾವಳಿಯಲ್ಲಿ ಪಾಕೆಟ್ ಫ್ರಿಟ್ಜ್ 4 ಎಂಬ ತಂತ್ರಾಂಶ ಸಾಮಾನ್ಯ ಮೊಬೈಲ್ ಫೋನೊಂದರಲ್ಲಿ ಓಡುತ್ತಾ 10ಕ್ಕೆ 9.5 ಅಂಕ ಗಳಿಸಿತು. ವಿಶ್ವ ಚಾಂಪಿಯನ್ನನ ಬಲ ಅಂಗಿಯ ಜೇಬಿಗೆ ಬಂದಿತ್ತು. 2008ರಲ್ಲಿ ಆರಂಭವಾದ ಸ್ಟಾಕ್‌ಫಿಶ್ ಎಂಜಿನ್ ಯಾರು ಬೇಕಾದರೂ ಕಾಸಿಲ್ಲದೆ ಇಳಿಸಿಕೊಳ್ಳಬಹುದಾದದ್ದು. ವಿಶ್ವ ಚಾಂಪಿಯನ್ ಆಗಿದ್ದ ಮ್ಯಾಗ್ನಸ್ ಕಾರ್ಲ್‌ಸನ್ ಮುಟ್ಟಿದ ಅತ್ಯುನ್ನತ ರೇಟಿಂಗ್ 2882. ಇಂದಿನ ಎಂಜಿನ್‌ಗಳನ್ನು 3500ರ ಮೇಲೆ ಲೆಕ್ಕ ಹಾಕುತ್ತಾರೆ. ನೆರವಿನ ಅಭಾವ ಎಂಬ ಹಳೆಯ ತಡೆ ಹೀಗೆ ಪೂರ್ತಿ ಬಿದ್ದುಹೋಯಿತು.

ಇನ್ನೊಂದು ತಡೆ ಅಷ್ಟರಲ್ಲಾಗಲೇ ಕರಗತೊಡಗಿತ್ತು. 1992ರಲ್ಲಿ ಇಂಟರ್ನೆಟ್ ಚೆಸ್ ಸರ್ವರ್ ತೆರೆಯಿತು. 1995ರಲ್ಲಿ ಅದು ಶುಲ್ಕ ಪಡೆಯುವ ಇಂಟರ್ನೆಟ್ ಚೆಸ್ ಕ್ಲಬ್ ಆಯಿತು. ಅದನ್ನು ಒಪ್ಪದವರು ಉಚಿತ ಸರ್ವರೊಂದನ್ನು ಕಟ್ಟಿಕೊಂಡರು. ಎಂಜಿನ್ ಆಡುವ ಖಾತೆಗಳಿಗೆ ಅಲ್ಲಿ ಪ್ರತ್ಯೇಕ ಗುರುತು ಇತ್ತು, ಕಂಪ್ಯೂಟರ್ ಎಂದು ಸಾರಿಯೇ ಆಡಬಹುದಿತ್ತು. ಸಾರದೆ ಆಡುವುದು ಮಾತ್ರ ಅಪರಾಧ. ಗಮನಿಸಬೇಕಾದ ವ್ಯತ್ಯಾಸ ಇದು: ಯಂತ್ರದ ನೆರವು ತಾನಾಗಿ ಪಾಪವಲ್ಲ, ಅದನ್ನು ಮುಚ್ಚಿಡುವುದು ವಂಚನೆ. 2005ರಲ್ಲಿ ಮನುಷ್ಯ ಮತ್ತು ಎಂಜಿನ್ ಜೊತೆಗೂಡಿ ಆಡಬಹುದಾದ 'ಫ್ರೀಸ್ಟೈಲ್' ಪಂದ್ಯಾವಳಿ ಆನ್‌ಲೈನಿನಲ್ಲೇ ನಡೆಯಿತು. ಗೆದ್ದದ್ದು ಗ್ರ್ಯಾಂಡ್‌ಮಾಸ್ಟರುಗಳಲ್ಲ, ಹಲವು ಕಂಪ್ಯೂಟರುಗಳನ್ನು ಜಾಣತನದಿಂದ ಬಳಸಿದ ಇಬ್ಬರು ಹವ್ಯಾಸಿ ಆಟಗಾರರು. ಅಂತರರಾಷ್ಟ್ರೀಯ ಪತ್ರಮುಖೇನ ಚದುರಂಗ ಒಕ್ಕೂಟವೂ ಎಂಜಿನ್ ಬಳಕೆಗೆ ಅನುಮತಿ ಕೊಟ್ಟಿದೆ. ಅದರ ಮೇಲ್ಮಟ್ಟದ ಪಂದ್ಯಗಳು ಈಗ ಬಹುಪಾಲು ಡ್ರಾ ಆಗುತ್ತವೆ.

ಶ್ರೇಷ್ಠ ಆಟಗಾರರು ಆನ್‌ಲೈನಿನಲ್ಲಿ ಬಹುಮಾನಕ್ಕಾಗಿ ಸೆಣಸಿದ ಆರಂಭದ ಪ್ರಮುಖ ಸ್ಪರ್ಧೆ 2000ದ ಕಾಸ್ಪರೋವ್‌ಚೆಸ್ ಗ್ರ್ಯಾಂಡ್ ಪ್ರಿ. ಅದರ ಫೈನಲ್‌ನಲ್ಲಿ ನೆದರ್ಲೆಂಡ್ಸಿನ ಯೆರೂನ್ ಪಿಕೆಟ್ ಕಾಸ್ಪರೋವ್ ಅವರನ್ನೇ ಸೋಲಿಸಿದರು. ಆನ್‌ಲೈನ್ ಆಟದ ತಾಣಗಳಾದ ಚೆಸ್.ಕಾಮ್ 2007ರಲ್ಲಿ, ಲಿಚೆಸ್ 2010ರಲ್ಲಿ ಶುರುವಾದವು. ಬಿರುದು ಪಡೆದ ಆಟಗಾರರಿಗೆಂದೇ 2014ರಲ್ಲಿ ಚೆಸ್.ಕಾಮ್‌ನಲ್ಲಿ ಆರಂಭವಾದ 'ಟೈಟಲ್ಡ್ ಟ್ಯೂಸ್‌ಡೇ' ಹಣದ ಆಟಕ್ಕೆ ನಿಯತ ವೇಳಾಪಟ್ಟಿ ಕೊಟ್ಟಿತು. ಮೊದಲು ತಿಂಗಳಿಗೊಮ್ಮೆ ನಡೆಯುತ್ತಿದ್ದುದು ಆಮೇಲೆ ವಾರಕ್ಕೊಮ್ಮೆ ಆಯಿತು.

ಮೇಜಿನ ಆಟದ ಸಭಾಂಗಣಗಳಲ್ಲಿ ಈ ನಡುವೆ ಸಿಕ್ಕಿಬಿದ್ದವರು ಭೌತಿಕ ಸಾಕ್ಷ್ಯದಿಂದ ಸಿಕ್ಕಿಬಿದ್ದರು. 2006ರಲ್ಲಿ ದೆಹಲಿಯ ಪಂದ್ಯಾವಳಿಯೊಂದರಲ್ಲಿ ಆಟಗಾರನ ಬಟ್ಟೆಯ ಟೋಪಿಯೊಳಗೆ ಬ್ಲೂಟೂತ್ ಸಾಧನ ಹೊಲಿದಿದ್ದುದು ಪತ್ತೆಯಾಯಿತು. ಅಖಿಲ ಭಾರತ ಚೆಸ್ ಫೆಡರೇಶನ್ ಆತನನ್ನು 10 ವರ್ಷ ನಿಷೇಧಿಸಿತು. 2010ರ ಖಾಂತಿ-ಮಾನ್ಸಿಸ್ಕ್ ಒಲಿಂಪಿಯಾಡ್‌ನಲ್ಲಿ ಫ್ರಾನ್ಸ್ ತಂಡದ ಒಬ್ಬ ಆಟಗಾರನಿಗೆ ಊರಿನಲ್ಲಿದ್ದ ಗೆಳೆಯ ಎಸ್ಸೆಮ್ಮೆಸ್ ಮೂಲಕ ನಡೆ ಕಳಿಸಿ, ತಂಡದ ತರಬೇತುದಾರ ಸಭಾಂಗಣದಲ್ಲಿ ನಿಲ್ಲುವ ಜಾಗದಿಂದಲೇ ಅದನ್ನು ಸೂಚಿಸುತ್ತಿದ್ದ ಜಾಲ ಬಯಲಾಯಿತು. 2015ರಲ್ಲಿ ದುಬೈಯಲ್ಲೂ 2019ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲೂ ಶೌಚಾಲಯದ ಫೋನಿನಿಂದಾಗಿ ಇಬ್ಬರು ಗ್ರ್ಯಾಂಡ್‌ಮಾಸ್ಟರುಗಳು ಬಿರುದು ಕಳೆದುಕೊಂಡರು. ಟೋಪಿ, ಫೋನು, ಸಂದೇಶ: ಕೈಯಲ್ಲಿ ಹಿಡಿದು ತೋರಿಸಬಹುದಾದ ಪುರಾವೆ. ಆನ್‌ಲೈನಿನಲ್ಲಿ ಅಂಥದ್ದೊಂದೂ ಸಿಗುವುದಿಲ್ಲ; ಉಳಿಯುವುದು ನಡೆಗಳ ಪಟ್ಟಿ ಮತ್ತು ಪ್ರತಿ ನಡೆಗೂ ಹಿಡಿದ ಸಮಯ.

ಆ ಪಟ್ಟಿಯಿಂದಲೇ ಸತ್ಯ ಹೆಕ್ಕುವ ವಿದ್ಯೆಯನ್ನು ಬೆಳೆಸಿದವರಲ್ಲಿ ಮುಖ್ಯರು ಅಮೆರಿಕದ ಬಫಲೋ ವಿಶ್ವವಿದ್ಯಾಲಯದ ಗಣಕವಿಜ್ಞಾನದ ಪ್ರಾಧ್ಯಾಪಕ ಕೆನೆತ್ ರೀಗನ್. ಅವರು ಸ್ವತಃ ಇಂಟರ್‌ನ್ಯಾಷನಲ್ ಮಾಸ್ಟರ್. ಇಂಥ ರೇಟಿಂಗಿನ ಆಟಗಾರ ಇಂಥ ಸ್ಥಿತಿಯಲ್ಲಿ ಎಂಜಿನ್ ಮೆಚ್ಚುವ ನಡೆಯನ್ನೇ ಆಡುವ ಸಂಭವ ಎಷ್ಟು ಎಂದು ಅವರ ಮಾದರಿ ಮೊದಲು ಅಂದಾಜು ಮಾಡುತ್ತದೆ. ನಿಜವಾಗಿ ಆಡಿದ್ದು ಆ ಅಂದಾಜಿನಿಂದ ಎಷ್ಟು ದೂರ ಸರಿದಿದೆ ಎಂದು ಆಮೇಲೆ ಅಳೆಯುತ್ತದೆ. ಆನ್‌ಲೈನ್ ತಾಣಗಳು ಇದಕ್ಕೆ ಬೇರೆ ಸುಳಿವುಗಳನ್ನೂ ಕೂಡಿಸುತ್ತವೆ. ಮನುಷ್ಯ ಸುಲಭದ ನಡೆಗೆ ಒಂದು ಸೆಕೆಂಡ್, ಕಷ್ಟದ ನಡೆಗೆ ಒಂದು ನಿಮಿಷ ತೆಗೆದುಕೊಳ್ಳುತ್ತಾನೆ; ಮೋಸಗಾರ ಎರಡಕ್ಕೂ ಏಳೆಂಟು ಸೆಕೆಂಡ್ ಹಿಡಿಯುತ್ತಾನೆ. ಆಟದ ಕಿಟಕಿ ಬಿಟ್ಟು ಬೇರೆ ಕಿಟಕಿಗೆ ಹೋಗಿಬರುವುದೂ ದಾಖಲಾಗುತ್ತದೆ. ಲಿಚೆಸ್ ತಾಣ ಇರ್ವಿನ್, ಕಲಾದಿನ್ ಎಂಬ ಕೃತಕ ಬುದ್ಧಿಮತ್ತೆಯ ಪತ್ತೆದಾರಿ ತಂತ್ರಾಂಶಗಳನ್ನು ಬಳಸುತ್ತದೆ.

ಈ ವಿದ್ಯೆಗೆ ಎರಡು ಮಿತಿಗಳಿವೆ, ಎರಡೂ ಗಂಭೀರ. ಲಕ್ಷಾಂತರ ಜನ ಆಡುವ ಕಡೆ ಸಾವಿರಕ್ಕೊಮ್ಮೆ ನಡೆಯುವ ಅಚ್ಚರಿ ನಿತ್ಯವೂ ನಡೆಯುತ್ತದೆ. ಆದ್ದರಿಂದ ಒಬ್ಬನ ಒಂದು ಅದ್ಭುತ ಆಟವನ್ನು ಎತ್ತಿಹಿಡಿದು ಮೋಸ ಎನ್ನುವಂತಿಲ್ಲ. ಇನ್ನೊಂದು ಕಡೆ, ಎಲ್ಲ ನಡೆಗಳನ್ನೂ ಎಂಜಿನ್‌ನಿಂದ ನಕಲು ಮಾಡುವ ದಡ್ಡ ಬೇಗ ಸಿಕ್ಕಿಬೀಳುತ್ತಾನೆ, ನುರಿತವನಿಗೆ ಇಡೀ ಆಟದಲ್ಲಿ ಒಂದೆರಡು ಸುಳಿವು ಸಾಕು. 'ಇಲ್ಲಿ ಗೆಲ್ಲುವ ನಡೆ ಇದೆ' ಎಂಬಷ್ಟೇ ಸನ್ನೆ ಸಿಕ್ಕರೂ ಗ್ರ್ಯಾಂಡ್‌ಮಾಸ್ಟರ್ ಉಳಿದದ್ದನ್ನು ತಾನೇ ಹುಡುಕುತ್ತಾನೆ. ಅಂಥ ಮೋಸ ಅಂಕಿಅಂಶದ ಬಲೆಯಲ್ಲಿ ನುಸುಳಿಹೋಗುತ್ತದೆ.

2020ರ ಕೊರೊನಾ ಲಾಕ್‌ಡೌನ್ ಚದುರಂಗದ ಹಣವನ್ನು ಒಮ್ಮೆಲೇ ಪರದೆಗೆ ತಂದಿತು. ಏಪ್ರಿಲ್‌ನಲ್ಲಿ ಕಾರ್ಲ್‌ಸನ್ ಹೆಸರಿನ ಆಹ್ವಾನಿತ ಪಂದ್ಯಾವಳಿ 2,50,000 ಡಾಲರ್ ಬಹುಮಾನದೊಂದಿಗೆ ಆನ್‌ಲೈನಿನಲ್ಲಿ ನಡೆಯಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ತಂಡಗಳ ಆನ್‌ಲೈನ್ ಸ್ಪರ್ಧೆ ಪ್ರೊ ಚೆಸ್ ಲೀಗ್ ಗೆದ್ದ ಅರ್ಮೇನಿಯಾ ಈಗಲ್ಸ್ ತಂಡವನ್ನು ಚೆಸ್.ಕಾಮ್ ಕೆಲವೇ ದಿನಗಳಲ್ಲಿ ಅನರ್ಹಗೊಳಿಸಿ, ಪ್ರಶಸ್ತಿಯನ್ನು ಸೇಂಟ್ ಲೂಯಿಸ್ ತಂಡಕ್ಕೆ ಕೊಟ್ಟಿತು. ಈಗಲ್ಸ್‌ನ ಗ್ರ್ಯಾಂಡ್‌ಮಾಸ್ಟರ್ ಟಿಗ್ರಾನ್ ಎಲ್. ಪೆಟ್ರೋಸಿಯನ್ ನ್ಯಾಯಯುತ ಆಟದ ನಿಯಮ ಮುರಿದಿದ್ದಾರೆ ಎಂದು ತೀರ್ಮಾನಿಸಿ ಅವರನ್ನು ತಾಣದಿಂದ ಶಾಶ್ವತವಾಗಿ ನಿಷೇಧಿಸಿತು. ಅವರು ಆರೋಪವನ್ನು ಅಲ್ಲಗಳೆದರು.

ಬೆಂಗಳೂರಿಗೆ ಈ ಚರ್ಚೆ ಬಂದದ್ದು 13 ಜೂನ್ 2021ರಂದು. ಅಕ್ಷಯ ಪಾತ್ರ ಪ್ರತಿಷ್ಠಾನದ ಕೋವಿಡ್ ನೆರವಿಗಾಗಿ ವಿಶ್ವನಾಥನ್ ಆನಂದ್ ಏಕಕಾಲಕ್ಕೆ ಹಲವು ಗಣ್ಯರೊಡನೆ ಆನ್‌ಲೈನಿನಲ್ಲಿ ಆಡಿದರು. ಆಡಿದವರಲ್ಲಿ ನಟ ಸುದೀಪ್ ಕೂಡ ಇದ್ದರು. ಜೆರೋಧಾ ಸಂಸ್ಥೆಯ ಸಹಸ್ಥಾಪಕ ನಿಖಿಲ್ ಕಾಮತ್ ಆನಂದ್ ಅವರನ್ನು ಸೋಲಿಸಿದಾಗ ಚದುರಂಗ ಬಲ್ಲವರೆಲ್ಲ ಹುಬ್ಬೇರಿಸಿದರು. ಮರುದಿನ ಕಾಮತ್, ಆಟವನ್ನು ವಿಶ್ಲೇಷಿಸುತ್ತಿದ್ದವರ ಹಾಗೂ ಕಂಪ್ಯೂಟರಿನ ನೆರವು ಪಡೆದಿದ್ದಾಗಿ ಒಪ್ಪಿಕೊಂಡು ಕ್ಷಮೆ ಕೇಳಿದರು. ತಾನು ಮಣೆಯ ಮೇಲಿದ್ದ ಸ್ಥಿತಿಯನ್ನು ಆಡಿದೆ, ಉಳಿದವರಿಂದಲೂ ಅದನ್ನೇ ನಿರೀಕ್ಷಿಸಿದ್ದೆ ಎಂಬ ಅರ್ಥದ ಒಂದು ಮಾತನ್ನಷ್ಟೇ ಆನಂದ್ ಆಡಿದರು. ಚೆಸ್.ಕಾಮ್ ಕಾಮತ್ ಅವರ ಖಾತೆ ಮುಚ್ಚಿ, ಆನಂದ್ ವಿಷಯವನ್ನು ಮುಗಿದದ್ದೆಂದು ಬಗೆದ ಕಾರಣ ಮತ್ತೆ ತೆರೆಯಿತು. ಗೆದ್ದವರಿಗೆ ಹಣ ಸಿಗುವ ಆಟ ಅದಾಗಿರಲಿಲ್ಲ. ಆದರೂ ಐದು ಬಾರಿ ವಿಶ್ವ ಚಾಂಪಿಯನ್ ಆದವರ ಎದುರು, ಧರ್ಮಕಾರ್ಯವೊಂದರ ನಡುವೆ ಎಂಜಿನ್‌ನ ನೆರವು ಪಡೆಯುವುದು ತಮಾಷೆ ಎನಿಸಿತ್ತೆಂಬುದು, ಆನ್‌ಲೈನ್ ಆಟದಲ್ಲಿ ಮರ್ಯಾದೆಯ ಗೆರೆ ಎಷ್ಟು ಮಸುಕಾಗಿತ್ತೆಂಬುದನ್ನು ತೋರಿಸುತ್ತದೆ.

ಮುಂದಿನ ವರ್ಷ ಈ ಸಂಗತಿ ಜಗತ್ತಿನ ಮುಖಪುಟಕ್ಕೆ ಬಂತು. 2022ರ ಸೆಪ್ಟೆಂಬರ್‌ನಲ್ಲಿ ಎದುರುಬದುರು ಕುಳಿತು ಆಡುವ ಸಿಂಕ್‌ಫೀಲ್ಡ್ ಕಪ್‌ನಲ್ಲಿ 19 ವರ್ಷದ ಅಮೆರಿಕದ ಗ್ರ್ಯಾಂಡ್‌ಮಾಸ್ಟರ್ ಹಾನ್ಸ್ ನೀಮನ್‌ಗೆ ಸೋತ ಕಾರ್ಲ್‌ಸನ್, ಮೋಸದ ಅನುಮಾನ ಮೂಡುವಂತೆ ಪಂದ್ಯಾವಳಿಯಿಂದಲೇ ಹಿಂದೆ ಸರಿದರು. ಎರಡು ವಾರದ ಬಳಿಕ ಆನ್‌ಲೈನ್ ಪಂದ್ಯದಲ್ಲಿ ಅವನೆದುರು ಒಂದೇ ನಡೆ ಆಡಿ ಸೋಲೊಪ್ಪಿದರು. 12 ಮತ್ತು 16ನೇ ವಯಸ್ಸಿನಲ್ಲಿ ಆನ್‌ಲೈನಿನಲ್ಲಿ ಮೋಸ ಮಾಡಿದ್ದುಂಟು, ಎದುರುಬದುರು ಕುಳಿತು ಎಂದೂ ಇಲ್ಲ ಎಂದು ನೀಮನ್ ಹೇಳಿದ. ಅಕ್ಟೋಬರ್‌ನಲ್ಲಿ ಚೆಸ್.ಕಾಮ್ ಹೊರತಂದ 72 ಪುಟಗಳ ವರದಿ, ಹಣದ ಪಂದ್ಯಗಳೂ ಸೇರಿ ನೂರಕ್ಕೂ ಹೆಚ್ಚು ಆನ್‌ಲೈನ್ ಆಟಗಳಲ್ಲಿ ಆತ ಮೋಸ ಮಾಡಿರುವ ಸಾಧ್ಯತೆ ಇದೆ ಎಂದಿತು. ಮೇಜಿನ ಆಟದ ಬಗ್ಗೆ ಅಂಥ ತೀರ್ಮಾನ ಕೊಡಲಿಲ್ಲ. ಕಾರ್ಲ್‌ಸನ್, ಚೆಸ್.ಕಾಮ್ ಮುಂತಾದವರ ವಿರುದ್ಧ ನೀಮನ್ ಹೂಡಿದ 10 ಕೋಟಿ ಡಾಲರ್ ದಾವೆ 2023ರ ಜೂನ್‌ನಲ್ಲಿ ವಜಾ ಆಗಿ, ಆಗಸ್ಟ್‌ನಲ್ಲಿ ಪಕ್ಷಗಳು ರಾಜಿಯಾದವು. ಸಕಾರಣವಿಲ್ಲದೆ ಪಂದ್ಯಾವಳಿ ಬಿಟ್ಟದ್ದಕ್ಕೆ ವಿಶ್ವ ಚೆಸ್ ಸಂಸ್ಥೆ ಫಿಡೆ ಕಾರ್ಲ್‌ಸನ್‌ಗೆ 10,000 ಯೂರೋ ದಂಡ ಹಾಕಿತು. ಚೆಸ್.ಕಾಮ್‌ನ ಆ ವರದಿಯಿಂದ ಇನ್ನೊಂದು ಸಂಗತಿಯೂ ಹೊರಬಿತ್ತು: ಸಿಕ್ಕಿಬಿದ್ದ ಬಿರುದಾಂಕಿತರು ಗುಟ್ಟಾಗಿ ತಪ್ಪೊಪ್ಪಿಕೊಂಡರೆ ತಾಣ ಅವರಿಗೆ ಹೊಸ ಖಾತೆ ಕೊಡುತ್ತಿತ್ತು, ಹಾಗೆ ಒಪ್ಪಿಕೊಂಡವರಲ್ಲಿ ಜಗತ್ತಿನ ಮೊದಲ ನೂರರೊಳಗಿನ ನಾಲ್ವರಿದ್ದರು. ಈ ಗುಟ್ಟು ಯಾರಿಗೂ ಒಳಿತು ಮಾಡಲಿಲ್ಲ. ಹೆಸರು ಗೊತ್ತಿಲ್ಲದ ಕಡೆ ಅನುಮಾನ ಎಲ್ಲರ ಮೇಲೂ ಬೀಳುತ್ತದೆ.

ಆ ಅನುಮಾನದ ಬೆಲೆ ಮುಂದಿನ ವರ್ಷಗಳಲ್ಲಿ ಕಂಡಿತು. ಮಾಜಿ ವಿಶ್ವ ಚಾಂಪಿಯನ್ ವ್ಲಾದಿಮಿರ್ ಕ್ರಾಮ್ನಿಕ್ 2023ರಿಂದ ತಮ್ಮದೇ ಲೆಕ್ಕಾಚಾರ ಮುಂದಿಟ್ಟು ಹಲವು ಆಟಗಾರರ ಆನ್‌ಲೈನ್ ಫಲಿತಾಂಶಗಳನ್ನು ಬಹಿರಂಗವಾಗಿ ಶಂಕಿಸಿದರು. ಅವರಲ್ಲಿ ಒಬ್ಬರು, ಅತ್ಯಂತ ಪ್ರೀತಿಪಾತ್ರ ಶಿಕ್ಷಕರಾಗಿದ್ದ ಅಮೆರಿಕದ ಗ್ರ್ಯಾಂಡ್‌ಮಾಸ್ಟರ್ ಡೇನಿಯಲ್ ನರೋಡಿಟ್ಸ್ಕಿ. ಅವರು ಆರೋಪವನ್ನು ನಿರಾಕರಿಸಿದ್ದರು. ಅದು ರುಜುವಾತಾಗಲೂ ಇಲ್ಲ. 2025ರ ಅಕ್ಟೋಬರ್‌ನಲ್ಲಿ 29ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಆ ಸಾವಿಗೂ ಆರೋಪಕ್ಕೂ ಗಂಟುಹಾಕುವುದು ತರವಲ್ಲ. ಆದರೆ ಪುರಾವೆಯಿಲ್ಲದ ಬಹಿರಂಗ ದೂಷಣೆಯನ್ನು ಅಲ್ಲಿಯವರೆಗೆ ಸಹಿಸಿಕೊಂಡಿದ್ದ ಚದುರಂಗ ಲೋಕ ಅಂದು ಬೆಚ್ಚಿಬಿದ್ದಿತು. ಫಿಡೆ ಕ್ರಾಮ್ನಿಕ್ ಹೇಳಿಕೆಗಳನ್ನು ತನ್ನ ನೀತಿ ಆಯೋಗಕ್ಕೆ ಒಪ್ಪಿಸಿತು.

ಕಳೆದುಹೋದ ಕಣ್ಣಿನ ಸಾಕ್ಷಿಯನ್ನು ಮರಳಿ ತರುವುದೇ ಈಗಿನ ಪ್ರಯತ್ನ. ದೊಡ್ಡ ಹಣದ ಆನ್‌ಲೈನ್ ಪಂದ್ಯಗಳಲ್ಲಿ ಆಟಗಾರ ಎದುರಿಗೊಂದು, ಪಕ್ಕದಿಂದ ಕೋಣೆ ತೋರುವಂತೆ ಇನ್ನೊಂದು ಕ್ಯಾಮೆರಾ ಇಡಬೇಕು, ಪರದೆಯನ್ನು ತೀರ್ಪುಗಾರರೊಂದಿಗೆ ಹಂಚಿಕೊಳ್ಳಬೇಕು. ಕಂಪ್ಯೂಟರಿನಲ್ಲಿ ಬೇರೇನು ನಡೆಯುತ್ತಿದೆ ಎಂದು ಕಾಯುವ 'ಪ್ರಾಕ್ಟರ್' ತಂತ್ರಾಂಶವನ್ನು ಚೆಸ್.ಕಾಮ್ ಟೈಟಲ್ಡ್ ಟ್ಯೂಸ್‌ಡೇಗೆ ತಂದಿದೆ. ಇಷ್ಟೆಲ್ಲ ಮಾಡಿದರೂ ಕ್ಯಾಮೆರಾದ ಚೌಕಟ್ಟಿನ ಆಚೆ ಏನಿದೆ ಎಂಬುದು ತೀರ್ಪುಗಾರನಿಗೆ ಕಾಣದು.

ಭಾರತದಲ್ಲಿ ಹಣದ ಆನ್‌ಲೈನ್ ಆಟದ ಪ್ರಶ್ನೆಗೆ ಕಾನೂನಿನ ಮುಖವೂ ಉಂಟು. 1867ರ ಸಾರ್ವಜನಿಕ ಜೂಜು ಕಾಯ್ದೆಯ ಕಾಲದಿಂದ ಕೌಶಲದ ಆಟ ಜೂಜಲ್ಲ ಎಂಬ ತತ್ವ ನಡೆದುಬಂದಿದೆ. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಪಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿದಾಗ, ರಾಜ್ಯ ಹೈಕೋರ್ಟ್ ಅದರ ಮುಖ್ಯ ಅಂಶಗಳನ್ನು 14 ಫೆಬ್ರವರಿ 2022ರಂದು ರದ್ದು ಮಾಡಿತು. ಕೌಶಲ ಆಡುವವನದ್ದೇ ಆಗಿರುತ್ತದೆ ಎಂಬುದು ಆ ತತ್ವದ ಅಡಿಪಾಯ. ಎಂಜಿನ್ ನೆರವಿನ ಆಟದಲ್ಲಿ ಕೌಶಲ ಯಂತ್ರದ್ದು, ಹಣ ಮಾತ್ರ ಮನುಷ್ಯನದು. ಕೌಶಲ-ಅದೃಷ್ಟಗಳ ಹಳೆಯ ವಿಂಗಡಣೆಯಲ್ಲಿ ಅದಕ್ಕೆ ಜಾಗವೇ ಇಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಆ ವಿಂಗಡಣೆಯನ್ನು ಪಕ್ಕಕ್ಕಿಟ್ಟು, ಕೌಶಲದ್ದಾಗಲಿ ಅದೃಷ್ಟದ್ದಾಗಲಿ, ಪಣದ ಆನ್‌ಲೈನ್ ಆಟಗಳನ್ನು ದೇಶದಾದ್ಯಂತ ನಿಷೇಧಿಸಿತು. ಸ್ಪರ್ಧಾತ್ಮಕ ಇ-ಕ್ರೀಡೆಗಳಿಗೆ ಪ್ರತ್ಯೇಕ ಮಾನ್ಯತೆಯ ದಾರಿಯನ್ನು ಉಳಿಸಿತು.